ಹಲಿಮಾಳ ಕೈಗೆ ಬೇಡಿ

ಸಿನಿಮಾ ಬಂದ ಸುದ್ದಿಯನ್ನು ಸಿಂದಗಿಯ ಆ ಮನೆಗೆ ಮೊದಲು ತಂದವಳು ಪಕ್ಕದ ಮನೆಯ ರೇವವ್ವ. ರಹಿಮಾಬಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಸೊಸೆ ಸಗೀರಾ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು.

"ಯಕ್ಕಾ, ನಿನ್ನ ಸಿನಿಮಾ ಬಾಗೇವಾಡಿಗೆ ಬಂದೈತಂತ! ಗ್ವಾಡಿ ಗ್ವಾಡಿಗೆ ಪೋಸ್ಟರ್ ಅಂಟಿಸ್ಯಾರಂತ. ನಮ್ಮ ಅಳಿಯ ಕಣ್ಣಾರೆ ನೋಡಿ ಬಂದಾನ."

"ನನ್ನ ಸಿನಿಮಾ ಎಲ್ಲೀದು? ನಮ್ಮ ಮಾಸ್ತರದು," ಎಂದಳು ರಹಿಮಾಬಿ. ಆದರೆ ಹಂಚಿನ ಮೇಲಿನ ರೊಟ್ಟಿ ತಿರುವುವುದನ್ನು ಮರೆತಳು. ಅದು ಒಂದು ಕಡೆ ಹೊತ್ತಿ ಕರಕಾಯಿತು.

ಮಾಸ್ತರ ಎಂದರೆ ಅವಳ ಗಂಡ ಗೈಬುಸಾಬ. ಕನ್ನಡ ಸಾಲಿ ಮಾಸ್ತರನಾಗಿ ಇಂಡಿ, ನಾಲತವಾಡ, ಸಿಂದಗಿ ಎಂದು ಊರೂರು ತಿರುಗಿದವನು. ಇಂಡಿಯಲ್ಲಿದ್ದಾಗ 'ಏಳನೆಯ ರೊಟ್ಟಿ' ಎಂಬ ಪತ್ತೇದಾರಿ ಕಾದಂಬರಿ ಬರೆದ. ಬರೆದದ್ದು ಅದೊಂದೇ. ಆದರೆ ಆ ಸೀಮೆಯಲ್ಲಿ ಓದು ಬರುವ ಮನೆಗಳಲ್ಲೆಲ್ಲ ಅದು ಕೈಯಿಂದ ಕೈಗೆ ಓಡಾಡಿತು. ರಟ್ಟು ಹರಿದು, ಹಾಳೆ ಉದುರಿ, ಮತ್ತೆ ಹೊಲಿಸಿಕೊಂಡು ಓಡಾಡಿತು.

ಕಥೆ ಒಬ್ಬ ದೇಸಾಯರ ವಾಡೆಯದು. ಊಟವಾದ ಮೇಲೆ ದೊಡ್ಡ ದೇಸಾಯಿ ವಿಷವೇರಿ ಸಾಯುತ್ತಾನೆ. ಪೊಲೀಸರು ಅಡುಗೆಯವಳನ್ನು ಹಿಡಿಯುತ್ತಾರೆ. ವಾಡೆಯ ಹಿಂದಿನ ಮನೆಯಲ್ಲಿರುವ ಮಾಸ್ತರನ ಹೆಂಡತಿ ಹಲಿಮಾ, ಎಂಜಲು ಗಂಗಾಳಗಳನ್ನು ನೋಡಿ, ಮನೆಯಲ್ಲಿ ಉಂಡವರು ಆರಲ್ಲ, ಏಳು ಮಂದಿ ಎನ್ನುತ್ತಾಳೆ. ಒಂದು ಗಂಗಾಳದಲ್ಲಿ ರೊಟ್ಟಿಯ ಕೆಳಗಿನ ದಪ್ಪ ಪದರವಷ್ಟೇ ಉಳಿದಿದೆ. ಮೇಲಿನ ತೆಳು ಪದರ ಸುಲಿದು ತಿಂದು ಅದನ್ನು ಬಿಡುವವನು ಆ ಮನೆಯಲ್ಲಿ ಒಬ್ಬನೇ. ಅವನು ಸತ್ತವನ ತಮ್ಮ. ಆ ರಾತ್ರಿ ತಾನು ಮುದ್ದೇಬಿಹಾಳದಲ್ಲಿದ್ದೆ ಎಂದು ಆಣೆ ಮಾಡಿ ಹೇಳಿದವನು.

ಹಲಿಮಾ ಎಂದರೆ ರಹಿಮಾಬಿಯೇ ಎಂದು ಎಲ್ಲರಿಗೂ ಗೊತ್ತಿತ್ತು. ಗಂಗಾಳ ನೋಡಿ ಯಾರು ಉಂಡು ಹೋದರು, ಯಾರ ಹೊಟ್ಟೆ ಸರಿಯಿಲ್ಲ, ಯಾರು ಸಿಟ್ಟಿನಲ್ಲಿ ಎದ್ದರು ಎಂದು ಹೇಳಬಲ್ಲವಳು ಅವಳು. ಗೈಬುಸಾಬ ಪ್ರತಿ ಪುಟ ಬರೆದ ಮೇಲೆ ಅವಳಿಗೆ ಓದಿ ಹೇಳುತ್ತಿದ್ದ. ಅವಳು ಹಿಟ್ಟು ನಾದುತ್ತ, "ಹಂಗ ಯಾರೂ ಮಾತಾಡೂದಿಲ್ಲರಿ, ತಿದ್ದರಿ," ಎನ್ನುತ್ತಿದ್ದಳು. ಅವನು ತಿದ್ದುತ್ತಿದ್ದ.

ಬಹಳ ಹಿಂದೆ ಅದು ಒಮ್ಮೆ ಸಿನಿಮಾ ಆಗಿತ್ತು. ಕಪ್ಪು ಬಿಳುಪಿನದು, ಹೆಸರು 'ರೊಟ್ಟಿಯ ರಹಸ್ಯ'. ಅದರಲ್ಲಿ ಹಲಿಮಾ ಇರಲೇ ಇಲ್ಲ. ಅವಳ ಜಾಗದಲ್ಲಿ ಟೊಪ್ಪಿಗೆ ಹಾಕಿಕೊಂಡು ಚುಟ್ಟಾ ಸೇದುವ ಪತ್ತೇದಾರನಿದ್ದ. ಗಂಗಾಳದ ಬದಲು ಅವನು ಭೂತಗನ್ನಡಿ ಹಿಡಿದು ಹೆಜ್ಜೆ ಗುರುತು ನೋಡುತ್ತಿದ್ದ. ಗೈಬುಸಾಬ ಅರ್ಧಕ್ಕೇ ಎದ್ದು ಬಂದು, "ನನ್ನ ಹೇಣ್ತಿಗೆ ಮೀಸಿ ಹಚ್ಚ್ಯಾರ," ಎಂದು ಮನೆಯ ಕಟ್ಟೆಯ ಮೇಲೆ ಕೂತು ನಕ್ಕಿದ್ದ. ನಕ್ಕರೂ ಆ ವಾರವೆಲ್ಲ ಸರಿಯಾಗಿ ಉಣ್ಣಲಿಲ್ಲ. ಸಾಯುವ ಮುಂದೆ ಮಗ ಜೈನುದ್ದೀನನ ಕೈ ಹಿಡಿದು, "ಇನ್ನೊಮ್ಮೆ ಯಾರರ ಕೇಳಿಕೊಂಡ ಬಂದ್ರ, ಇದ್ದದ್ದ ಇದ್ದಂಗ ತಗೀರಿ ಅನ್ನು," ಎಂದಿದ್ದ. ಜೈನುದ್ದೀನ ಹೂಂ ಎಂದಿದ್ದ.

ಕೇಳಿಕೊಂಡು ಬಂದದ್ದು ಹೋದ ವರ್ಷ. ಬೆಂಗಳೂರಿನಿಂದ ಬಂದ ಸಿನಿಮಾದವರು ಎರಡು ದಿನ ಮನೆಯಲ್ಲೇ ಉಂಡರು. ರಹಿಮಾಬಿ ಝುಣಕ, ಎಣ್ಣೆಗಾಯಿ, ಶೇಂಗಾ ಹಿಂಡಿ ಮಾಡಿ ಬಡಿಸಿದಳು. ಅವರ ಮ್ಯಾನೇಜರನೊಬ್ಬ ಅವಳು ಒಲೆ ಮುಂದೆ ಹೇಗೆ ಕೂರುತ್ತಾಳೆ, ತಲೆಯ ಮೇಲಿನ ಸೆರಗು ಹೇಗೆ ಎಳೆದುಕೊಳ್ಳುತ್ತಾಳೆ ಎಂದು ನೋಡಿ ನೋಡಿ ಬರೆದುಕೊಂಡ. "ಕಾದಂಬರಿಯಲ್ಲಿ ಇರೋ ಹಾಗೇ ತೆಗೀತೀವಿ ಅಮ್ಮ. ಈ ಸಲ ಹಲಿಮಾನೇ ಮುಖ್ಯ," ಎಂದ. ಅವಳು ಸಂತೋಷದಲ್ಲಿ, ಹಲಿಮಾಳ ಪಾತ್ರದವಳು ತೊಡಲೆಂದು ತನ್ನ ಬುರ್ಖಾವನ್ನೇ ಕೊಟ್ಟು ಕಳಿಸಿದಳು. ಬಸ್ಸಿನ ಬಾಗಿಲಿಗೆ ಸಿಕ್ಕಿ ಹರಿದಲ್ಲಿ ಹಸಿರು ದಾರದಲ್ಲಿ ಹೊಲಿದ ಬುರ್ಖಾ. ಜೈನುದ್ದೀನನಿಗೂ ಅದರಲ್ಲೊಂದು ಪಾತ್ರ ಸಿಕ್ಕಿತು. ಕಚೇರಿಗೆ ರಜೆ ಹಾಕಿ ಬೆಂಗಳೂರಿಗೆ ಹೋಗಿ ಬಂದ. ಯಾವ ಪಾತ್ರ ಎಂದು ಕೇಳಿದರೆ, "ಸಿನಿಮಾ ಬಂದ ಮ್ಯಾಲ ನೋಡ್ರಿ," ಎನ್ನುತ್ತಿದ್ದ.

ಈಗ ಸಿನಿಮಾ ಬಂದಿತ್ತು. ಸಂಜೆ ಕಚೇರಿಯಿಂದ ಬಂದ ಮಗನ ಮುಂದೆ ಚಹಾ ಇಟ್ಟು ರಹಿಮಾಬಿ ಕೇಳಿದಳು.

"ಬಾಗೇವಾಡಿಗೆ ಯಾವಾಗ ಹೋಗೂದು?"

"ಮೊದಲ ನಾ ಒಬ್ಬಾಂವ ನೋಡ್ಕೊಂಡ ಬರ್ತೇನಿ."

"ಯಾಕ, ನಾವ ಬಂದ್ರ ಬಸ್ಸ ಭಾರ ಆಗ್ತೈತೇನು?" ಎಂದಳು ಸಗೀರಾ.

ಅವನು ಒಬ್ಬನೇ ಹೋದ. ಮರುದಿನ ಬಂದವನು ಚಪ್ಪಲಿ ಬಿಡುತ್ತಲೇ, "ಪ್ರಿಂಟ್ ಪೂರಾ ಕೆಟ್ಟೈತಿ. ಮಳಿ ಬಿದ್ದಂಗ ಕಾಣತೈತಿ. ನೋಡಾಕ ಹೋಗಬ್ಯಾಡ್ರಿ, ಕಣ್ಣ ಬ್ಯಾನಿ ಆಗ್ತಾವ," ಎಂದ.

"ನೀ ಕಂಡೀಯೋ ಇಲ್ಲೋ?" ಎಂದಳು ತಾಯಿ.

"ಒಂಚೂರ ಕಂಡೆ."

ಅವನು ಉಂಡು ಎದ್ದ ಗಂಗಾಳವನ್ನು ರಹಿಮಾಬಿ ನೋಡಿದಳು. ಮುರಿದ ರೊಟ್ಟಿ ಚೂರು ಚೂರಾಗಿ ಹಾಗೇ ಬಿದ್ದಿತ್ತು. ಎತ್ತಿಟ್ಟಳು.

ಅದಾಗಿ ನಾಲ್ಕೈದು ದಿನಕ್ಕೆ ಸಿನಿಮಾ ಮುದ್ದೇಬಿಹಾಳಕ್ಕೆ ಹೋಯಿತು. ಸಿಂದಗಿಯ ಕೆಲವರು ಬಾಗೇವಾಡಿಯಲ್ಲಿ ನೋಡಿ ಬಂದಿದ್ದರು. ನೀರಿನ ನಳದ ಹತ್ತಿರ ಹೆಂಗಸರು ರಹಿಮಾಬಿಯನ್ನು ಕಂಡು ಮಾತು ನಿಲ್ಲಿಸತೊಡಗಿದರು. ರೇವವ್ವ ಕೂಡ ಎರಡು ದಿನ ಮನೆ ಕಡೆ ಸುಳಿಯಲಿಲ್ಲ. ಒಂಬತ್ತನೆಯ ಇಯತ್ತೆಯ ಮೊಮ್ಮಗಳು ಸುಲ್ತಾನಬಿ ಒಂದು ದಿನ ಸಾಲಿಯಿಂದ ಬಂದವಳೇ ಬುತ್ತಿ ಡಬ್ಬಿಯನ್ನು ನೆಲಕ್ಕೆ ಒಗೆದಳು. ಬುತ್ತಿ ಹಾಗೇ ಇತ್ತು.

"ಯಾಕ ಉಂಡಿಲ್ಲ?" ಎಂದಳು ಸಗೀರಾ.

"ನನ್ನ ಡಬ್ಬಿ ಯಾರೂ ಮುಟ್ಟಲಿಲ್ಲ. ದಿನಾ ಎಲ್ಲಾರೂ ಕೂಡೇ ಉಣ್ತಿದ್ವಿ. ಇವತ್ತ, ನಿಮ್ಮ ಅಜ್ಜಿ ಮಾಡಿದ ರೊಟ್ಟಿ ನಮಗ ಬ್ಯಾಡ, ವಿಷ ಹಾಕಿರ್ತಾಳ ಅಂತ ನಕ್ಕರು."

ಜೈನುದ್ದೀನ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ. "ಹುಡುಗೂರ ಚಾಷ್ಟಿ ಮಾಡಿದ್ರ ಅದನ್ನ ಮನಿತನಕ ತರಬಾರದು."

"ಅವು ಸಿನಿಮಾ ನೋಡಿ ಹೇಳಾಕತ್ತಾವ ಅಪ್ಪಾ. ಸಿನಿಮಾದಾಗ ಕೊಲಿ ಮಾಡಿದಾಕಿ ಹಲಿಮಾನೇ ಅಂತ. ಖರೇನ?"

ರಹಿಮಾಬಿ ಮಗನ ಮುಖ ನೋಡಿದಳು. ಅವನು ನೀರಿನ ತಂಬಿಗೆ ಎತ್ತಿಕೊಂಡು ಗಟಗಟ ಕುಡಿದ.

"ನಾಳಿ ಮುದ್ದೇಬಿಹಾಳಕ್ಕ ಹೋಗ್ತೇನಿ," ಎಂದಳು ರಹಿಮಾಬಿ.

"ಬ್ಯಾಡ ಅಂದೇನಲ್ಲ ಅಮ್ಮಾ."

"ನಿನ್ನ ಕೇಳಾಕತ್ತಿಲ್ಲ. ಹೇಳಾಕತ್ತೇನಿ."

ಮರುದಿನ ಅತ್ತೆ, ಸೊಸೆ, ಮೊಮ್ಮಗಳು ಮೂವರೂ ತಾಳಿಕೋಟೆಯ ಮೇಲಿಂದ ಹೋಗುವ ಬಸ್ಸು ಹತ್ತಿದರು. ಮುದ್ದೇಬಿಹಾಳದ ಥಿಯೇಟರಿನಲ್ಲಿ ಮಧ್ಯಾಹ್ನದ ಆಟ. ಹೆಂಗಸರ ಬೆಂಚುಗಳ ಹಿಂದಿನ ಸಾಲಿನಲ್ಲಿ ಕೂತರು. ಪರದೆಯ ಮೇಲೆ 'ಕಥೆ: ದಿವಂಗತ ಗೈಬುಸಾಬ ಮಾಸ್ತರ' ಎಂದು ಬಂದಾಗ ಸುಲ್ತಾನಬಿ ಅಜ್ಜಿಯ ಕೈ ಹಿಡಿದುಕೊಂಡಳು. ಪ್ರಿಂಟು ನಿಚ್ಚಳವಾಗಿತ್ತು.

ಮೊದಲರ್ಧ ಕಾದಂಬರಿಯ ಹಾಗೇ ಇತ್ತು. ಅದೇ ವಾಡೆ, ಅದೇ ಹಿಂದಿನ ಮನೆ. ಹಲಿಮಾ ಒಂದು ಮೊಣಕಾಲು ಮಡಿಚಿ ಒಲೆ ಮುಂದೆ ಕೂತಿದ್ದಳು. ಸೆರಗನ್ನು ಎಡಗೈ ಹಿಂಬದಿಯಿಂದ ಎಳೆದುಕೊಳ್ಳುತ್ತಿದ್ದಳು. "ದಾದಿ, ನಿನ್ನಂಗ ಮಾಡ್ತಾಳ!" ಎಂದು ಅಜ್ಜಿಗೆ ಹೇಳಿದಳು ಸುಲ್ತಾನಬಿ. ಮುಂದಿನ ಬೆಂಚಿನ ಹೆಂಗಸರು ತಿರುಗಿ ನೋಡಿದರು. ರಹಿಮಾಬಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಮಾಸ್ತರ ಇದ್ದಿದ್ದರೆ ನೋಡುತ್ತಿದ್ದ ಎಂದು ಸಗೀರಾಳ ಕಿವಿಯಲ್ಲಿ ಹೇಳಿದಳು ಕೂಡ.

ಮಧ್ಯಂತರದ ನಂತರ ಕಥೆ ಹೊರಳಿತು. ದೇಸಾಯಿಯ ತಮ್ಮ ಸತ್ತ ಅಣ್ಣನ ಮಕ್ಕಳನ್ನು ಎದೆಗಪ್ಪಿಕೊಂಡು ಹಾಡಿದ. ಹಲಿಮಾ ಕಪ್ಪು ಬುರ್ಖಾ ತೊಟ್ಟು ಕತ್ತಲಲ್ಲಿ ವಾಡೆಯ ಹಿತ್ತಲ ಬಾಗಿಲು ತೆರೆದಳು. ಬುರ್ಖಾದ ಅಂಚಿನಲ್ಲಿ ಹಸಿರು ದಾರದ ಹೊಲಿಗೆ ದೊಡ್ಡದಾಗಿ ಕಂಡಿತು. ಅವಳು ಹಿಟ್ಟಿನಲ್ಲಿ ಪುಡಿ ಬೆರೆಸಿದಳು. ಏಳನೆಯ ರೊಟ್ಟಿ ಎಂದರೆ ಅವಳು ವಿಷ ಹಾಕಿ ಬಡಿದ ರೊಟ್ಟಿಯಂತೆ. ಪತ್ತೆ ಮಾಡುವವಳ ಹಾಗೆ ಅಷ್ಟು ದಿನ ನಾಟಕವಾಡಿದ್ದು ತನ್ನ ತಪ್ಪು ಮುಚ್ಚಿಕೊಳ್ಳಲು. ಜನ "ಅಬಾಬಾ!" ಎಂದರು. ಯಾರೋ "ಬುರ್ಖಾ ತಗಿಸ್ರಿ ಅಕೀದು!" ಎಂದು ಕೂಗಿದ.

ಕೊನೆಗೆ ಪೊಲೀಸರು ಬಂದರು. ಮೀಸೆ ಹಚ್ಚಿಕೊಂಡ ಒಬ್ಬ ಫೌಜುದಾರ ಮುಂದೆ ಬಂದು ಹಲಿಮಾಳ ಬುರ್ಖಾದ ಮುಸುಕು ಕಿತ್ತು ತೆಗೆದ. ಅವಳ ಎರಡೂ ಕೈಗೆ ಬೇಡಿ ಹಾಕಿ, "ಉಪ್ಪು ತಿಂದ ಮನೆಗೆ ವಿಷ ಹಾಕಿದ ಪಾಪಿ, ನಡಿ!" ಎಂದ. ಥಿಯೇಟರಿನ ತುಂಬ ಸೀಟಿ.

ಆ ಫೌಜುದಾರ ಜೈನುದ್ದೀನ.

ಸಗೀರಾ ಅತ್ತೆಯ ಕಡೆ ತಿರುಗಿ ನೋಡಲಿಲ್ಲ. ಸುಲ್ತಾನಬಿ ಅಳತೊಡಗಿದಳು. ರಹಿಮಾಬಿ ದೀಪ ಹೊತ್ತುವವರೆಗೂ ಕೂತಿದ್ದು, ಆಮೇಲೆ ಮೊಮ್ಮಗಳ ಮೂಗು ಒರೆಸಿ, "ಏಳ್ರಿ, ಬಸ್ಸ ತಪ್ಪತೈತಿ," ಎಂದಳು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಜೈನುದ್ದೀನ ಪಡಸಾಲೆಯಲ್ಲಿ ಕಂದೀಲಿನ ಗಾಜು ಒರೆಸುತ್ತಿದ್ದ. ದಿನವೂ ಹೇಳಿದರೂ ಮಾಡದ ಕೆಲಸ ಅದು.

"ನಿನಗ ಯಾವಾಗ ಗೊತ್ತಾತು?" ಎಂದಳು ರಹಿಮಾಬಿ, ಚೀಲ ಕೆಳಗಿಡದೆ.

"ಅಮ್ಮಾ, ಸಿನಿಮಾ ಅಂದ್ರ ಹಂಗ ಇರ್ತೈತಿ. ಅವರು ಹೇಳಿದ್ರು, ಎಲ್ಲಾರೂ ಪುಸ್ತಕ ಓದ್ಯಾರ, ಕೊಲಿ ಮಾಡಿದಾಂವ ತಮ್ಮನೇ ಅಂತ ಎಲ್ಲಾರಿಗೂ ಗೊತ್ತೈತಿ, ಅದನ್ನ ತೋರಿಸಿದ್ರ ಯಾರ ಬರ್ತಾರ ಅಂತ. ಮಂದಿ ಹೌಹಾರಬೇಕಂತ."

"ನಾ ಅದನ್ನ ಕೇಳಿಲ್ಲ. ನಿನಗ ಯಾವಾಗ ಗೊತ್ತಾತು?"

"ಮ್ಯಾನೇಜರ ಮೊದಲ ದಿನ ಹೇಳಿದಾ."

"ಅವರು ನಮ್ಮ ಮನಿಯೊಳಗ ಉಣ್ಣಾಕತ್ತಾಗ?"

ಜೈನುದ್ದೀನ ಗಾಜನ್ನು ಕೆಳಗಿಟ್ಟ. "ಹೂಂ."

"ನಾ ಬುರ್ಖಾ ಮಡಚಿ ಕೊಡೂ ಹೊತ್ತಿಗೆ ನಿನಗ ಗೊತ್ತಿತ್ತು. ಅದನ್ನ ಚೀಲದಾಗ ಹಾಕಿದಾಂವ ನೀನು."

"ಬ್ಯಾಡ ಅಂದಿದ್ರ ಸಿನಿಮಾ ಆಗ್ತಿದ್ದಿಲ್ಲ ಅಮ್ಮಾ. ಅಪ್ಪಾನ ಹೆಸರ ಪರದೆ ಮ್ಯಾಲ ಬಂತಲ್ಲ, ಅದು ಸಣ್ಣ ಮಾತೇನು?"

"ಅಪ್ಪಾನ ಹೆಸರ ಸಲುವಾಗಿ ಮಾಡಿದ್ರ," ಎಂದು ಸಗೀರಾ ಬಾಗಿಲಲ್ಲೇ ನಿಂತು ಹೇಳಿದಳು, "ನೀವ್ಯಾಕ ಮೀಸಿ ಹಚ್ಕೊಂಡ ಹೋದ್ರಿ?"

ಅವನ ದನಿ ಏರಿತು. "ಹೌದು, ಹೋದೆ! ಇಪ್ಪತ್ತು ವರ್ಷ ಇಂಡಿ, ನಾಲತವಾಡ, ಗೊಳಸಂಗಿ ಅಂತ ನಾಟಕ ಆಡಿದೆ. ಎಲ್ಲಾ ಕಡೆ ದೂತ, ಇಲ್ಲಾ ಸಿಪಾಯಿ. ಬಂದಾ ಪುಟ್ಟಾ ಹೋದಾ ಪುಟ್ಟಾ. ಒಮ್ಮೆ ಒಂದ ಸಿನಿಮಾದಾಗ ನನ್ನ ಮಾರಿ ಕಾಣಲಿ ಅಂದೆ. ನಾನ ಕೇಳಿದೆ ಅವರನ್ನ. ಕಥಿ ಹ್ಯಾಂಗರ ಮಾಡ್ಕೊಳ್ರಿ, ನನಗೊಂದ ಚೊಲೋ ಪಾರ್ಟ್ ಕೊಡ್ರಿ ಅಂತ. ಏನ ಮಹಾ ತಪ್ಪಾತು? ಅಕಿ ಹಲಿಮಾ. ನೀ ರಹಿಮಾಬಿ. ಪುಸ್ತಕದಾಗಿನ ಹೆಂಗಸಿಗೆ ಬೇಡಿ ಹಾಕಿದ್ರ ನಿನಗ ಹಾಕಿದಂಗೇನು?"

"ನಿಮ್ಮಪ್ಪ ಇದ್ದಾಗ ಹಂಗ ಅಂದಿದ್ದಿ ಏನು?"

ಅವನು ಮತ್ತೆ ಕಂದೀಲಿನ ಗಾಜು ಎತ್ತಿಕೊಂಡ.

"ಮೊದಲಿನ ಸಿನಿಮಾದವರು ನನ್ನ ತಗದ ಹಾಕಿದ್ರು. ಅವರು ಹೊರಗಿನವರು, ನನ್ನ ಕಂಡಾರೇನು, ಬಲ್ಲಾರೇನು. ನಕ್ಕ ಬಿಟ್ಟಿವಿ. ಈ ಸಲ ನೀ ಕೈಹಿಡದ ಕರಕೊಂಡ ಹೋಗಿ ನನ್ನ ಕೊಲಿಗಾರ್ತಿ ಅಂತ ನಿಲ್ಲಿಸಿ ಬಂದೀಯಪಾ," ಎಂದು ರಹಿಮಾಬಿ ಒಳಗೆ ಹೋದಳು. ಅವತ್ತು ಸಗೀರಾ ಅನ್ನ ಬೇಯಿಸಿದಳು. ಯಾರೂ ಸರಿಯಾಗಿ ಉಣ್ಣಲಿಲ್ಲ.

ಆಮೇಲಿನ ವಾರಗಳು ಕೆಟ್ಟವಾಗಿದ್ದವು. ಮದುವೆ, ತೊಟ್ಟಿಲು ಎಂದರೆ ಓಣಿಯ ಜನ ರಹಿಮಾಬಿಯನ್ನೇ ರೊಟ್ಟಿ ಬಡಿಯಲು ಕರೆಯುತ್ತಿದ್ದರು. ಅವಳ ರೊಟ್ಟಿ ಹಪ್ಪಳದಷ್ಟು ತೆಳು. ಅದೇ ಓಣಿಯ ಫಕೀರಸಾಬನ ಮಗಳ ನಿಶ್ಚಯಕ್ಕೆ ಈ ಸಲ ಕರೆಯಲಿಲ್ಲ. ಕೇಳಿದ್ದಕ್ಕೆ, "ಬೀಗರ ಇಂಡಿಯವರು ಅಕ್ಕಾ, ಸಿನಿಮಾ ನೋಡ್ಯಾರ, ಸುಮ್ನ ಏನರ ಅಂದ್ರ ನಿನಗ ಬ್ಯಾಸರ ಆಗ್ತೈತಿ," ಎಂದ. ಸಂತೆಯಲ್ಲಿ ಪೋರರು "ಏಳನೇ ರೊಟ್ಟಿ ಬಂತು ನೋಡ್ರೋ" ಎಂದು ಕೂಗಿದರು. ಕೊಲೆ ಸಿನಿಮಾದ್ದೆಂದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಅವಳ ಕೈಯ ನೀರು ಕುಡಿಯುವಾಗ ಒಂದು ಗಳಿಗೆ ತಡೆಯುತ್ತಿದ್ದರು.

ಜೈನುದ್ದೀನನಿಗೆ ಕಚೇರಿಯಲ್ಲಿ "ಏನ್ ಫೌಜುದಾರ ಸಾಹೇಬ್ರ" ಎನ್ನುತ್ತಿದ್ದರು. ಅದನ್ನು ಕೇಳಿ ಅವನು ನಗುತ್ತಿದ್ದನೆಂದು ಯಾರೋ ಬಂದು ಸಗೀರಾಳಿಗೆ ಹೇಳಿದರು.

ಸಿನಿಮಾ ಸಿಂದಗಿಯ ಟೆಂಟಿಗೆ ಬರುವುದೆಂದು ಗೊತ್ತಾದ ದಿನ ರೇವವ್ವ ಸಂಕೋಚಪಡುತ್ತ ಬಂದಳು. ಬಾಗಿಲಲ್ಲಿ ನಿಂತವಳನ್ನು ರಹಿಮಾಬಿಯೇ ಒಳಗೆ ಕರೆದಳು.

"ನೋಡಿ ಬಂದಿ ಅಲ್ಲ?"

"ಬಾಗೇವಾಡಿಯೊಳಗ ನೋಡಿದೆ ಯಕ್ಕಾ. ನಿನಗ ಹ್ಯಾಂಗ ಹೇಳಲಿ ಅಂತ ಬರಲಿಲ್ಲ."

"ಪುಸ್ತಕದಾಗ ಹ್ಯಾಂಗ ಐತಿ ಗೊತ್ತೈತೇನು ನಿನಗ?"

"ನನಗೆಲ್ಲಿ ಓದಾಕ ಬರತೈತಿ? ಹಲಿಮಾ ಪತ್ತೆ ಹಚ್ಚತಾಳ ಅಂತ ನೀವೆಲ್ಲಾ ಅಂದದ್ದ ಕೇಳೇನಿ, ಅಷ್ಟ."

ರಹಿಮಾಬಿ ಮೊಮ್ಮಗಳನ್ನು ಕರೆದು, ಸಂದೂಕದಿಂದ ಕಾದಂಬರಿ ತೆಗೆಸಿದಳು. "ದಿನಾ ಸಾಲಿ ಬಿಟ್ಟ ಮ್ಯಾಲ ಒಂದೊಂದ ಅಧ್ಯಾಯ ಓದು. ಜೋರಾಗಿ ಓದು. ಯಾರ ಬರ್ತಾರ ಬರಲಿ."

ಮೊದಲ ದಿನ ರೇವವ್ವ, ಅವಳ ಸೊಸೆ ಇಬ್ಬರೇ ಬಂದರು. ಮರುದಿನ ಏಳೆಂಟು ಹೆಂಗಸರು. ಶೇಂಗಾ ಸುಲಿಯುತ್ತ, ಅಕ್ಕಿ ಆರಿಸುತ್ತ ಅಂಗಳದಲ್ಲಿ ಕೂತರು. ಸಂಜೆಯಾದರೆ ಊರ ಹೊರಗಿನ ಟೆಂಟಿನಿಂದ ಆ ಸಿನಿಮಾದ ಹಾಡು ಕೇಳುತ್ತಿತ್ತು. ಅಂಗಳದಲ್ಲಿ ಹೆಂಗಸರು ಜಗಳಕ್ಕೆ ಬೀಳುತ್ತಿದ್ದರು.

"ಅಲ್ಲೇ, ಸಿನಿಮಾದಾಗ ತಮ್ಮ ಎಷ್ಟ ಚೊಲೋ ಮನಶಾ ಇದ್ದ!"

"ಹಾಡ ಹೇಳಿದ್ರ ಚೊಲೋ ಮನಶಾ ಆಗ್ತಾನೇನು? ಇಲ್ಲಿ ನೋಡು, ಅಣ್ಣ ಸತ್ತ ಮನಿಯೊಳಗ ಕೀಲಿಕೈ ಎಲ್ಲಿ ಅಂತ ಕೇಳತಾನ."

"ಹಂಗಾರ ಸಿನಿಮಾದವರು ಆ ಮಾತ ಯಾಕ ಬಿಟ್ರು?"

"ಬಿಡಲಿಲ್ಲಂದ್ರ ಹಲಿಮಾಳ ಮ್ಯಾಲ ತಪ್ಪ ಹ್ಯಾಂಗ ಹಾಕಬೇಕು?" ಎಂದಳು ಸಗೀರಾ. ಎಲ್ಲರೂ ಹೌದೆಂದರು.

ಜೈನುದ್ದೀನ ಆ ಹೊತ್ತಿಗೆ ಮನೆಗೆ ಬರುತ್ತಿರಲಿಲ್ಲ. ಬಂದರೂ ಹಿತ್ತಲ ಬಾಗಿಲಿನಿಂದ ಬರುತ್ತಿದ್ದ. ಒಂದು ರಾತ್ರಿ ಸಗೀರಾ ಅತ್ತೆಯ ಕಾಲಿಗೆ ಎಣ್ಣೆ ಹಚ್ಚುತ್ತ, "ಎಷ್ಟ ದಿನಾಂತ ಹಿಂಗ ಅತ್ತಿ? ಅವರೂ ಮಾರಿ ಸಣ್ಣದ ಮಾಡ್ಕೊಂಡ ತಿರುಗಾಕತ್ತಾರ," ಎಂದಳು.

"ತಪ್ಪಾತು ಅಂದಾನೇನು?"

"ಇಲ್ಲರಿ."

"ನಾನೂ ಅದಕ್ಕ ಕಾಯಾಕತ್ತೇನವಾ."

ಕೊನೆಯ ಅಧ್ಯಾಯದ ದಿನ ಭಾನುವಾರ. ಅಂಗಳ ತುಂಬಿತ್ತು. ಫಕೀರಸಾಬನ ಹೆಂಡತಿಯೂ ಬಂದು ಮೂಲೆಯಲ್ಲಿ ಕೂತಿದ್ದಳು. ದಿನವೂ ಜೋರಾಗಿ ಓದಿ ಸುಲ್ತಾನಬಿಯ ಗಂಟಲು ಕಟ್ಟಿತ್ತು. ಮಾತೇ ಹೊರಡಲಿಲ್ಲ. ಸಗೀರಾ ಬಿಸಿನೀರಿಗೆ ಬೆಲ್ಲ ಹಾಕಿ ಕೊಟ್ಟರೂ ಉಪಯೋಗವಾಗಲಿಲ್ಲ. ಅಲ್ಲಿದ್ದ ಬೇರೆ ಯಾರಿಗೂ ಅಷ್ಟು ಓದು ಬರುತ್ತಿರಲಿಲ್ಲ.

ಆಗ ಜೈನುದ್ದೀನ ಒಳಗಿನಿಂದ ಬಂದು ಹೊಸ್ತಿಲಲ್ಲಿ ನಿಂತ. "ಅಮ್ಮಾ, ನಾ ಓದಲೇನು?" ಎಂದ.

"ಓದಪಾ, ನಿಂದು ನಿಮ್ಮ ಅಪ್ಪಾನಂಥಾದ ದನಿ," ಎಂದಳು ರೇವವ್ವ.

ಹೆಂಗಸರು ರಹಿಮಾಬಿಯ ಕಡೆ ನೋಡಿದರು. ಜೈನುದ್ದೀನ ಪುಸ್ತಕಕ್ಕೆ ಕೈ ಚಾಚಿದ. ರಹಿಮಾಬಿ ಮೊಮ್ಮಗಳ ತೊಡೆಯ ಮೇಲಿದ್ದ ಪುಸ್ತಕವನ್ನು ಮುಚ್ಚಿ ತನ್ನ ಹತ್ತಿರ ತೆಗೆದುಕೊಂಡಳು.

"ನೀ ಬ್ಯಾಡ. ನಿನ್ನ ಬಾಯಿಂದ ಕೇಳಿದ್ರ ಖರೇ ಅನ್ಸೂದಿಲ್ಲ ನನಗ," ಎಂದಳು. "ನಾನ ಹೇಳತೇನಿ. ಮಾಸ್ತರ ನನ್ನ ಮುಂದನ ಕುಂತ ಬರದದ್ದು ಅದು."

ಅವಳು ಹೇಳತೊಡಗಿದಳು. ಚಾವಡಿಯಲ್ಲಿ ಊರ ಹಿರಿಯರು ಸೇರಿದ್ದು, ಹಲಿಮಾ ಕಂಬದ ಮರೆಗೆ ನಿಂತು ಮಾತಾಡಿದ್ದು, ಎಲ್ಲರ ಮುಂದೆ ಊಟಕ್ಕೆ ಬಡಿಸಿ ತಮ್ಮನಿಗೂ ಒಂದು ರೊಟ್ಟಿ ಕೊಟ್ಟಿದ್ದು. ಅವನು ತಿಳಿಯದೇ ಮೇಲಿನ ಪದರ ಸುಲಿದು ತಿಂದದ್ದು. ಅಂಗಳದಲ್ಲಿ ಶೇಂಗಾ ಸುಲಿಯುವ ಸದ್ದು ನಿಂತಿತು.

"ಆವಾಗ ಹಲಿಮಾ ಅವನ ಗಂಗಾಳ ಎತ್ತಿ ಎಲ್ಲಾರಿಗೂ ತೋರಿಸಿದಳು. 'ಸಣ್ಣ ದೇಸಾಯರ, ಅವತ್ತ ನೀವು ಮನಿಯೊಳಗ ಇದ್ರಿ' ಅಂದಳು. ಅಂವ ಕೈಯಾಗಿನ ರೊಟ್ಟಿ ಕೆಳಗಿಟ್ಟಾ. ಆಮ್ಯಾಲ ಹಲಿಮಾ ಅಂದಳು, 'ಹೊರಗಿನಾಂವ ಬಂದ ಕೊಂದಿದ್ರ ಬಾಗಿಲಾ ಹಾಕ್ಕೋತಿದ್ವಿ. ನೀವು ಬರ್ತೀರಿ ಅಂತನ ಬಾಗಿಲಾ ತಗದ ಇಟ್ಟಿದ್ವಿ. ಇನ್ನ ನಾವು ಯಾವ ಬಾಗಿಲಾ ಹಾಕ್ಕೋಬೇಕು, ನೀವ ಹೇಳ್ರಿ.'"

ಸುಲ್ತಾನಬಿ ತಲೆಯೆತ್ತಿ ಅಜ್ಜಿಯನ್ನು ನೋಡಿದಳು. ಕಡೆಯ ಆ ಮಾತು ಪುಸ್ತಕದಲ್ಲಿ ಇರಲಿಲ್ಲ.

ಜೈನುದ್ದೀನನಿಗೂ ಅದು ಗೊತ್ತಿತ್ತು. ಅವನು ಹೊಸ್ತಿಲಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದ. ಕಥೆ ಮುಗಿಯಿತು. ಹೆಂಗಸರು ತಮ್ಮ ತಮ್ಮ ಮೊರ, ಬುಟ್ಟಿ ಎತ್ತಿಕೊಂಡು ಎದ್ದರು. ಫಕೀರಸಾಬನ ಹೆಂಡತಿ ಹೋಗುವಾಗ, "ಮುಂದಿನ ತಿಂಗಳ ಲಗ್ನಕ್ಕ ನೀನ ಬರಬೇಕ ಅಕ್ಕಾ, ಇಂಡಿಯವರು ಏನರ ಅನ್ನಲಿ," ಎಂದಳು. ರಹಿಮಾಬಿ, "ನೋಡೂಣು," ಎಂದಳು.

ಅಂಗಳ ಬರಿದಾದ ಮೇಲೆ ಜೈನುದ್ದೀನ ಹತ್ತಿರ ಬಂದ. "ಚೊಲೋ ಹೇಳಿದಿ ಅಮ್ಮಾ," ಎಂದ. ತಪ್ಪಾತು ಎಂಬ ಮಾತು ಮಾತ್ರ ಬರಲಿಲ್ಲ. "ಹಸಿವಿ ಆಗೈತಿ," ಎಂದ.

ಅವನು ಊಟಕ್ಕೆ ಕೂತರೆ ಇಷ್ಟು ವರ್ಷ ಬೇರೆಯವರ ಕೈಯಿಂದ ನೀಡಿಸಿದವಳಲ್ಲ ರಹಿಮಾಬಿ. ಜ್ವರ ಬಂದು ಮಲಗಿದ್ದಾಗಲೂ ಎದ್ದು ಬಂದು ಬಡಿಸಿದವಳು. ಅವಳು ಚಾಪೆಯ ಮೇಲೆ ಬಿದ್ದ ಶೇಂಗಾ ಸಿಪ್ಪೆಗಳನ್ನು ಕೈಯಿಂದ ಒಟ್ಟುಗೂಡಿಸಿ ಉಡಿಗೆ ಹಾಕಿಕೊಂಡಳು. ಮಗನ ಮುಖ ನೋಡದೆ ಒಳಗಿನ ಕಡೆ ತಿರುಗಿ ಕೂಗಿ ಹೇಳಿದಳು:

"ಸಗೀರಾ, ನಿನ್ನ ಗಂಡಗ ಊಟಕ್ಕ ನೀಡವಾ."